ಇಂಜಿನಿಯರಿಂಗಾ, ಇಂಜಿನಿಯರಿಂಗ್ ಟೆಕ್ನಾಲಜಿಯಾ? ಪೆರ್ಲದ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರ. ಮಗ ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಈಗ ಪ್ಲಸ್ ಟು ಸಯನ್ಸ್ ಮುಗಿಸಿದ್ದಾನೆ. ಫಿಸಿಕ್ಸಿನಲ್ಲಿ ಒಳ್ಳೆ ಮಾರ್ಕು, ಗಣಿತದಲ್ಲಿ ಸಾಧಾರಣ. ಕೈಕೆಲಸ ಅಂದರೆ ಪ್ರಾಣ. ರಜೆ ಬಂತೆಂದರೆ ಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲೇ ಇರುತ್ತಾನೆ. ಕೇರಳದ ಎಂಟ್ರೆನ್ಸ್ ಕೀಮ್ ಮತ್ತು ಕರ್ನಾಟಕದ ಸಿಇಟಿ ಎರಡೂ ಬರೆದಿದ್ದಾನೆ. ಪೊವ್ವಲಿನಲ್ಲೋ ಪುತ್ತೂರಿನಲ್ಲೋ ಮೆಕ್ಯಾನಿಕಲ್ ಅಥವಾ ಇಲೆಕ್ಟ್ರಿಕಲ್ ಸಿಗಬಹುದು. ಆದರೆ ಅಮೆರಿಕದಲ್ಲಿರುವ ನನ್ನ ತಮ್ಮ, "ಇಲ್ಲಿ ಇಂಜಿನಿಯರಿಂಗ್ ಟೆಕ್ನಾಲಜಿ ಅಂತ ನಾಲ್ಕು ವರ್ಷದ ಡಿಗ್ರಿ ಉಂಟು. ಗಣಿತ ಕಮ್ಮಿ, ಲ್ಯಾಬ್ ಜಾಸ್ತಿ. ಅವನಿಗೆ ಅದೇ ಸರಿ" ಅನ್ನುತ್ತಾನೆ. ಮಂಗಳೂರಿನ ಒಂದು ಏಜೆನ್ಸಿಯವರು ಅದೇ ಹೆಸರಿನ ಕೆನಡಾದ ಮೂರು ವರ್ಷದ ಕೋರ್ಸ್ ತೋರಿಸಿ, ಇಂಜಿನಿಯರಿಂಗೂ ಇದೂ ಒಂದೇ ಅಂದರು. ನಮ್ಮವರು ಶಾರ್ಜಾದಲ್ಲಿದ್ದಾರೆ. ಮಗನೂ ಕಲಿತು ಗಲ್ಫಿಗೇ ಬರಲಿ ಎಂದು ಅವರ ಆಸೆ. ಎರಡೂ ನಿಜವಾಗಿ ಒಂದೇನಾ? ಅಲ್ಲವಾದರೆ ಅವನಿಗೆ ಯಾವುದು? ಮತ್ತೆ, ಲ್ಯಾಪ್‌ಟಾಪ್ ಈಗಲೇ ತೆಗೆದುಕೊಡಬೇಕಾ?

ಉತ್ತರ: ಒಂದೇ ಅಲ್ಲ ಅಮ್ಮ. ನೀವು ಬರೆದದ್ದನ್ನೆಲ್ಲ ನೋಡಿದರೆ, ನಿಮ್ಮ ಮಗನಿಗೆ ಊರಿನ ಹತ್ತಿರದ ಬಿ.ಟೆಕ್. ಅಥವಾ ಬಿ.ಇ. ಸರಿ ಅಂತ ನನ್ನ ಅಭಿಪ್ರಾಯ. ನಿಮ್ಮ ತಮ್ಮ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವರು ಅಮೆರಿಕದಲ್ಲಿ ಕೂತು ಅಮೆರಿಕದ ಲೆಕ್ಕ ಹೇಳಿದ್ದಾರೆ. ಏಜೆನ್ಸಿಯವರು ಹೇಳಿದ್ದು ಮಾತ್ರ ಶುದ್ಧ ತಪ್ಪು.

ಮೊದಲು ಒಂದು ಗೊಂದಲ ತೆಗೆದುಹಾಕೋಣ. ಟೆಕ್ನಾಲಜಿ ಅನ್ನುವ ಶಬ್ದ ಬಿ.ಟೆಕ್.ನಲ್ಲೂ ಉಂಟಲ್ಲ, ಹಾಗಾದರೆ ಅದೂ ಇದೇನಾ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲ. ನಮ್ಮ ದೇಶದಲ್ಲಿ ಬಿ.ಇ. ಮತ್ತು ಬಿ.ಟೆಕ್. ಸಮಾನ. ಪೊವ್ವಲಿನ ಎಲ್‌ಬಿಎಸ್ ಕಾಲೇಜಿಗೆ ಹೋದರೆ ಕೇರಳದ ಟೆಕ್ನಿಕಲ್ ಯೂನಿವರ್ಸಿಟಿ ಕೆಟಿಯು ಕೊಡುವ ಬಿ.ಟೆಕ್. ಬರುತ್ತದೆ. ಪುತ್ತೂರಿನಲ್ಲಿ ಕರ್ನಾಟಕದ ಟೆಕ್ನಿಕಲ್ ಯೂನಿವರ್ಸಿಟಿ ವಿಟಿಯುದ ಕಾಲೇಜಿಗೆ ಸೇರಿದರೆ ಮೆಕ್ಯಾನಿಕಲ್ಲಿಗೆ ಬಿ.ಇ. ಬರುತ್ತದೆ. ಎರಡಕ್ಕೂ ದೇಶದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಒಪ್ಪಿಗೆ, ಎರಡಕ್ಕೂ ಒಂದೇ ಬೆಲೆ. ನಿಮ್ಮ ತಮ್ಮ ಹೇಳುವ ಇಂಜಿನಿಯರಿಂಗ್ ಟೆಕ್ನಾಲಜಿ ಬೇರೆಯೇ ಒಂದು ಡಿಗ್ರಿ. ನಮ್ಮ ಕಡೆ ಅದಕ್ಕೆ ಸರಿಯಾದ ಜೋಡಿ ಇಲ್ಲ. ಪಾಲಿಟೆಕ್ನಿಕ್ ಡಿಪ್ಲೊಮಾಕ್ಕಿಂತ ಮೇಲೆ, ಬಿ.ಟೆಕ್.ನ ಪಕ್ಕದಲ್ಲಿ ಅದನ್ನು ಇಟ್ಟುಕೊಳ್ಳಿ.

ವ್ಯತ್ಯಾಸ ಏನು? ನಿಮ್ಮ ತೋಟದಲ್ಲೋ ಪಕ್ಕದ ತೋಟದಲ್ಲೋ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇರಬಹುದು. ಅದನ್ನೇ ನೋಡೋಣ. ದೋಟಿಯ ಒಂದು ತುದಿ ಗಟ್ಟಿಯಾಗಿ ಹಿಡಿದು ಅಡ್ಡಕ್ಕೆ ಚಾಚಿದರೆ ಇನ್ನೊಂದು ತುದಿ ಕೆಳಗೆ ಬಾಗುತ್ತದೆ. ಉದ್ದಕ್ಕೂ ಒಂದೇ ದಪ್ಪದ ದೋಟಿ ಅಂತ ಇಟ್ಟುಕೊಳ್ಳಿ. ಉದ್ದವನ್ನು ಎರಡು ಪಟ್ಟು ಮಾಡಿದರೆ, ತುದಿಯಲ್ಲಿ ಕಟ್ಟಿದ ಕತ್ತಿಯ ಭಾರಕ್ಕೆ ಅದು ಬಾಗುವುದು 2 ಪಟ್ಟಲ್ಲ, 8 ಪಟ್ಟು. ದೋಟಿಯ ಸ್ವಂತ ಭಾರಕ್ಕೆ ಬಾಗುವುದು 16 ಪಟ್ಟು. ಉದ್ದದ ದೋಟಿ ನೆಲದಿಂದ ಎತ್ತುವಾಗ ಹಾವಿನ ಹಾಗೆ ಆಡುವುದು ಇದಕ್ಕೇ.

ಈ 8, ಈ 16 ಎಲ್ಲಿಂದ ಬಂತು ಅಂತ ಇಂಜಿನಿಯರಿಂಗ್ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ತೆಗೆದು ತೋರಿಸುತ್ತಾರೆ. ಒಂದು ಡಿಫರೆನ್ಷಿಯಲ್ ಈಕ್ವೇಶನ್ ಬರೆಯುತ್ತಾರೆ. ಒಂದರ ಮೇಲೆ ಒಂದು ಇಂಟಿಗ್ರೇಶನ್ ಮಾಡುತ್ತಾರೆ. ಹಿಡಿದ ತುದಿಯಲ್ಲಿ ಬಾಗು ಸೊನ್ನೆ, ಓರೆಯೂ ಸೊನ್ನೆ ಅಂತ ಹಾಕುತ್ತಾರೆ. ಉತ್ತರ ಬರುತ್ತದೆ. ಆಮೇಲೆ ಮೇಷ್ಟ್ರು ಕೇಳುತ್ತಾರೆ: ನಿಜವಾದ ದೋಟಿ ಮೇಲೆ ಮೇಲೆ ಸಪೂರ ಆಗುತ್ತಾ ಹೋಗುತ್ತದಲ್ಲ, ಈಗ ಏನು ಮಾಡ್ತೀರಿ? ಕೈಯಲ್ಲಿದ್ದ ಸೂತ್ರ ಇಲ್ಲಿ ನಡೆಯುವುದಿಲ್ಲ. ಮೊದಲಿನಿಂದ ಕಟ್ಟಬೇಕು. ಆ ತರಬೇತಿಯೇ ಇಂಜಿನಿಯರಿಂಗ್ ಡಿಗ್ರಿಯ ತಿರುಳು.

ಇಂಜಿನಿಯರಿಂಗ್ ಟೆಕ್ನಾಲಜಿ ಕ್ಲಾಸಿನಲ್ಲಿ ಸೂತ್ರವನ್ನು ಕೈಗೆ ಕೊಡುತ್ತಾರೆ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಅಂತ ಹೇಳುತ್ತಾರೆ. ನಂತರ ಲ್ಯಾಬಿಗೆ ಕರೆದುಕೊಂಡು ಹೋಗುತ್ತಾರೆ. ಕೊಳವೆಯ ತುಂಡುಗಳನ್ನು ಯಂತ್ರದಲ್ಲಿಟ್ಟು ಬಾಗಿಸಿ ನೋಡುತ್ತಾರೆ. ಎಷ್ಟು ಭಾರಕ್ಕೆ ಮುರಿಯಿತು, ಎಲ್ಲಿಂದ ಸೀಳಿತು, ಈ ಬ್ಯಾಚಿನ ಅಂಟು ಸರಿಯಾಗಿ ಒಣಗಿತ್ತಾ, ಎರಡು ತುಂಡು ಸೇರುವ ಕ್ಲ್ಯಾಂಪ್ ಜಾರುತ್ತದಾ. ದೋಟಿ ತಯಾರಿಸುವ ಫ್ಯಾಕ್ಟರಿಗೆ ಈ ಇಬ್ಬರೂ ಬೇಕು. ಒಬ್ಬ ದೊಡ್ಡವ, ಇನ್ನೊಬ್ಬ ಸಣ್ಣವ ಅಂತ ಇಲ್ಲ. ಹಾಗಂತ ಟೆಕ್ನಾಲಜಿ ಡಿಗ್ರಿಯಲ್ಲಿ ಗಣಿತವೇ ಇಲ್ಲ ಅಂತಲೂ ತಿಳಿಯಬೇಡಿ. ನಾಲ್ಕು ವರ್ಷದ ಟೆಕ್ನಾಲಜಿ ಡಿಗ್ರಿಯಲ್ಲಿ ಸಾಮಾನ್ಯವಾಗಿ ಕ್ಯಾಲ್ಕುಲಸ್ ಇದ್ದೇ ಇರುತ್ತದೆ. ಅದರ ಮೇಲಿನ ಮಹಡಿಗಳು ಕಮ್ಮಿ, ಅಷ್ಟೆ.

ಈ ಎರಡು ದಾರಿ ಯಾಕೆ ಹುಟ್ಟಿತು ಅನ್ನುವುದಕ್ಕೂ ಒಂದು ಕಥೆ ಉಂಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದವರಿಗೆ, ನಮ್ಮ ಇಂಜಿನಿಯರುಗಳಿಗೆ ವರ್ಕ್‌ಶಾಪ್ ಗೊತ್ತು, ವಿಜ್ಞಾನ ಸಾಲದು ಅಂತ ಅನಿಸಿತು. 1955ರಲ್ಲಿ ಬಂದ ಗ್ರಿಂಟರ್ ವರದಿ ಗಣಿತ ಮತ್ತು ಮೂಲ ವಿಜ್ಞಾನ ಜಾಸ್ತಿ ಮಾಡಿ ಅಂತ ಹೇಳಿತು. ಕಾಲೇಜುಗಳು ಹಾಗೇ ಮಾಡಿದವು. ಕೈಕೆಲಸದ ಕ್ಲಾಸುಗಳು ಕಮ್ಮಿಯಾದವು. ಆ ಖಾಲಿ ಜಾಗದಲ್ಲಿ ನಾಲ್ಕು ವರ್ಷದ ಟೆಕ್ನಾಲಜಿ ಡಿಗ್ರಿ ಬೆಳೆಯಿತು. ಈಗ ಅಲ್ಲಿ ಪರ್ಡ್ಯೂನಂಥ ದೊಡ್ಡ ಯೂನಿವರ್ಸಿಟಿಯಲ್ಲೂ ಒಂದೇ ಕ್ಯಾಂಪಸ್ಸಿನಲ್ಲಿ ಎರಡೂ ಉಂಟು. ಅಂದರೆ ಅದು ಡುಪ್ಲಿಕೇಟ್ ಡಿಗ್ರಿ ಅಲ್ಲ. ಮರ್ಯಾದೆಯ ಡಿಗ್ರಿಯೇ.

ತೊಂದರೆ ಇರುವುದು ಕಾಗದದಲ್ಲಿ. ಅಮೆರಿಕದಲ್ಲಿ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎಬಿಇಟಿ. ಅದರೊಳಗೆ ಇಂಜಿನಿಯರಿಂಗಿಗೆ ಇಎಸಿ ಅನ್ನುವ ಆಯೋಗ, ಟೆಕ್ನಾಲಜಿಗೆ ಇಟಿಎಸಿ ಅನ್ನುವ ಬೇರೆ ಆಯೋಗ. ಇಎಸಿ ಕೋರ್ಸಿನಲ್ಲಿ ಕನಿಷ್ಠ 30 ಕ್ರೆಡಿಟ್ ಗಣಿತ ಮತ್ತು ವಿಜ್ಞಾನ, 45 ಕ್ರೆಡಿಟ್ ಇಂಜಿನಿಯರಿಂಗ್ ವಿಷಯ ಇರಲೇಬೇಕು. ಬ್ರೋಷರಿನಲ್ಲಿ "ಎಬಿಇಟಿ ಮಾನ್ಯತೆ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಯಾವ ಆಯೋಗ ಅಂತ ಕೇಳದೆ ಬಿಟ್ಟರೆ ಕೆಲಸ ಕೆಟ್ಟಿತು. ಅಲ್ಲಿ ಸೇತುವೆ, ಕಟ್ಟಡದ ನಕ್ಷೆಗೆ ತನ್ನ ಹೊಣೆಯ ಮೇಲೆ ಸಹಿ ಹಾಕಲು ಪಿಇ ಲೈಸೆನ್ಸ್ ಬೇಕು. ಇಎಸಿ ಡಿಗ್ರಿ ಇದ್ದವರು ಎಫ್‌ಇ ಅನ್ನುವ ಮೊದಲ ಹಂತದ ಪರೀಕ್ಷೆ ಬರೆದು, ಸಾಮಾನ್ಯವಾಗಿ ನಾಲ್ಕು ವರ್ಷ ಕೆಲಸ ಮಾಡಿ, ಪಿಇ ಪಡೆಯುತ್ತಾರೆ. ಟೆಕ್ನಾಲಜಿ ಡಿಗ್ರಿಯವರಿಗೆ ಕೆಲವು ರಾಜ್ಯಗಳಲ್ಲಿ ಜಾಸ್ತಿ ವರ್ಷದ ಅನುಭವ ಕೇಳುತ್ತಾರೆ. ಕೆಲವು ರಾಜ್ಯಗಳಲ್ಲಿ ಬಾಗಿಲೇ ಇಲ್ಲ. ಫ್ಯಾಕ್ಟರಿಯೊಳಗೆ ಕೆಲಸ ಮಾಡುವ ಮೆಕ್ಯಾನಿಕಲ್‌ನವರಲ್ಲಿ ಹೆಚ್ಚಿನವರಿಗೆ ಈ ಲೈಸೆನ್ಸ್ ಬೇಕಾಗುವುದೇ ಇಲ್ಲ. ಅದಕ್ಕೇ ನಿಮ್ಮ ತಮ್ಮನಿಗೆ ಇದು ದೊಡ್ಡ ವಿಷಯ ಅನಿಸಿರಲಿಕ್ಕಿಲ್ಲ.

ಆದರೆ ನಿಮ್ಮ ಯಜಮಾನರ ಆಸೆ ಗಲ್ಫ್ ಅಲ್ವಾ? ಅಲ್ಲಿ ಕಾಗದವೇ ಎಲ್ಲ. ದೇಶ ದೇಶಗಳ ನಡುವೆ ಡಿಗ್ರಿಗಳನ್ನು ಪರಸ್ಪರ ಒಪ್ಪಿಕೊಳ್ಳುವ ಮೂರು ಒಪ್ಪಂದಗಳು ಉಂಟು. ನಾಲ್ಕು ವರ್ಷದ ಇಂಜಿನಿಯರಿಂಗಿಗೆ 1989ರ ವಾಷಿಂಗ್ಟನ್ ಅಕಾರ್ಡ್. ಇಂಜಿನಿಯರಿಂಗ್ ಟೆಕ್ನಾಲಜಿಗೆ 2001ರ ಸಿಡ್ನಿ ಅಕಾರ್ಡ್. ಟೆಕ್ನಿಶಿಯನ್ ಮಟ್ಟಕ್ಕೆ 2002ರ ಡಬ್ಲಿನ್ ಅಕಾರ್ಡ್. ಹೆಸರುಗಳನ್ನು ಮರೆತರೂ ಅಡ್ಡಿಯಿಲ್ಲ. ಮೂರು ಬೇರೆ ಬೇರೆ ಪಟ್ಟಿ, ಒಂದರಲ್ಲಿರುವ ಕೋರ್ಸು ಇನ್ನೊಂದರಲ್ಲಿ ಇರುವುದಿಲ್ಲ ಅನ್ನುವುದು ನೆನಪಿರಲಿ. ನಮ್ಮ ಎನ್‌ಬಿಎ, ಅಂದರೆ ನ್ಯಾಶನಲ್ ಬೋರ್ಡ್ ಆಫ್ ಅಕ್ರೆಡಿಟೇಶನ್, 2014ರ ಜೂನ್‌ನಲ್ಲಿ ವಾಷಿಂಗ್ಟನ್ ಅಕಾರ್ಡಿನ ಪೂರ್ಣ ಸದಸ್ಯ ಆಯಿತು. ಅದರಲ್ಲೂ ಟಿಯರ್ 1 (ಸ್ವಾಯತ್ತ ಕಾಲೇಜು, ಯೂನಿವರ್ಸಿಟಿಗಳ ವರ್ಗ) ಅಂತ ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ ಆ ಅಕಾರ್ಡಿನ ಲಾಭ.

ಕುವೈಟಿನಲ್ಲಿ ಏನಾಯಿತು ಅಂತ ಕಾಸರಗೋಡಿನ ಸುಮಾರು ಮನೆಗಳಿಗೆ ನೆನಪಿರಬಹುದು. 2018ರಲ್ಲಿ ಅಲ್ಲಿ ಹೊಸ ನಿಯಮ ಬಂತು. ಇಂಜಿನಿಯರ್ ಅಂತ ಇಕಾಮಾ, ಅಂದರೆ ವಾಸದ ಪರವಾನಗಿ, ಇದ್ದವರು ಅದನ್ನು ರಿನ್ಯೂ ಮಾಡಲು ಕುವೈಟಿನ ಇಂಜಿನಿಯರುಗಳ ಸೊಸೈಟಿಯಿಂದ ಎನ್‌ಒಸಿ ತರಬೇಕು. ಸೊಸೈಟಿಯವರು ಭಾರತದ ಡಿಗ್ರಿಗೆ ಎನ್‌ಬಿಎ ಮಾನ್ಯತೆ ಉಂಟಾ ಅಂತ ನೋಡಿದರು. ವರ್ಷಗಟ್ಟಲೆ ಇಂಜಿನಿಯರಾಗಿ ದುಡಿದವರು, ಒಳ್ಳೆಯ ಕಾಲೇಜಿನಲ್ಲಿ ಓದಿದವರೂ, ಒಮ್ಮೆಲೇ ಇಂಜಿನಿಯರ್ ಅಲ್ಲ ಅನ್ನುವ ಹಾಗಾಯಿತು. ಕೆಲಸ ಬರುತ್ತಿತ್ತು, ಕಾಗದ ಇರಲಿಲ್ಲ. ಸೌದಿಯಲ್ಲೂ ಇಕಾಮಾದಲ್ಲಿ ಇಂಜಿನಿಯರ್ ಅಂತ ಬರಬೇಕಾದರೆ ಅಲ್ಲಿನ ಇಂಜಿನಿಯರುಗಳ ಕೌನ್ಸಿಲಿನಲ್ಲಿ ನೋಂದಣಿ ಬೇಕು. ಇಂಜಿನಿಯರಿಗೆ ಒಂದು ವರ್ಗ, ಟೆಕ್ನಿಶಿಯನ್ನಿಗೆ ಇನ್ನೊಂದು. ಇಂಜಿನಿಯರಿಂಗ್ ಟೆಕ್ನಾಲಜಿ ಅಂತ ಬರೆದ ಸರ್ಟಿಫಿಕೇಟು ಕೌಂಟರಿಗೆ ಬಂದರೆ, ಆ ಕಡೆ ಕೂತವರು ಯಾವ ವರ್ಗಕ್ಕೆ ಹಾಕುತ್ತಾರೆ ಅಂತ ಮೊದಲೇ ಹೇಳಲಿಕ್ಕೆ ಬರುವುದಿಲ್ಲ. ಒಂದು ಶಬ್ದ ಜಾಸ್ತಿ ಇದ್ದದ್ದಕ್ಕೆ ಸಂಬಳದ ಸ್ಕೇಲು ಇಳಿಯಬಹುದು. ಈ ರಿಸ್ಕ್ ಸುಮ್ನೆ ಯಾಕೆ?

ಆದ್ದರಿಂದ ಇಲ್ಲಿ ಸೀಟು ಆರಿಸುವಾಗ ಮೊದಲು ನೋಡಬೇಕಾದದ್ದು ಎನ್‌ಬಿಎ. ಇದು ಕಾಲೇಜಿಗೆ ಬರುವ ಮಾನ್ಯತೆ ಅಲ್ಲ, ಬ್ರಾಂಚಿಗೆ ಬರುವುದು. ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್ಲಿಗೆ ಇದ್ದು ಸಿವಿಲ್ಲಿಗೆ ಇಲ್ಲದೆ ಇರಬಹುದು. 3 ವರ್ಷ, 6 ವರ್ಷ ಅಂತ ಅವಧಿಯೂ ಇರುತ್ತದೆ. ಕಾಲೇಜಿನ ಗೇಟಿನಲ್ಲಿ ನ್ಯಾಕ್ ಎ ಗ್ರೇಡ್ ಅಂತ ಬೋರ್ಡು ಕಂಡರೆ ಮೋಸ ಹೋಗಬೇಡಿ. ನ್ಯಾಕ್ ಇಡೀ ಸಂಸ್ಥೆಯನ್ನು ನೋಡುತ್ತದೆ, ಅದೇ ಬೇರೆ, ಎನ್‌ಬಿಎಯೇ ಬೇರೆ. ಎನ್‌ಬಿಎ ವೆಬ್‌ಸೈಟಿನಲ್ಲಿ ರಾಜ್ಯ, ಕಾಲೇಜು, ಬ್ರಾಂಚ್ ಹುಡುಕಿದರೆ ಯಾವ ವರ್ಷದವರೆಗೆ ಅಂತ ಬರುತ್ತದೆ. ಮಗನಿಗೆ ಫೋನಿನಲ್ಲಿ ಹತ್ತು ನಿಮಿಷದ ಕೆಲಸ. ಆಪ್ಶನ್ ಎಂಟ್ರಿ ಮಾಡುವ ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದಿಡಲಿ.

ಗಲ್ಫ್ ಬೇಡ, ಊರಲ್ಲೇ ಇರ್ತೇನೆ ಅಂತ ಅವನು ಮುಂದೆ ಹೇಳಿದರೂ ಲೆಕ್ಕ ಬದಲಾಗುವುದಿಲ್ಲ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆಗೆ ಡಿಗ್ರಿ, ಸಬ್ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ. ರೈಲ್ವೆಯ ಜೂನಿಯರ್ ಇಂಜಿನಿಯರ್ ಹುದ್ದೆಗೂ ಡಿಪ್ಲೊಮಾ ಸಾಕು. ಇಸ್ರೋದಲ್ಲಿ ಡಿಪ್ಲೊಮಾದವರು ಟೆಕ್ನಿಕಲ್ ಅಸಿಸ್ಟೆಂಟ್, ಬಿ.ಟೆಕ್.ನವರು ಸೈಂಟಿಸ್ಟ್/ಇಂಜಿನಿಯರ್. ನಮ್ಮ ಸರಕಾರಿ ಕಪಾಟಿನಲ್ಲಿ ಈ ಎರಡೇ ಗೂಡು. ಹೊರದೇಶದ ಟೆಕ್ನಾಲಜಿ ಡಿಗ್ರಿ ತಂದರೆ ಮೊದಲು ಸಮಾನತೆಯ ಸರ್ಟಿಫಿಕೇಟ್ ಮಾಡಿಸಬೇಕು. ಅದು ಸಿಕ್ಕಿದರೂ, ನೋಟಿಫಿಕೇಶನಿನಲ್ಲಿ "ಬಿ.ಟೆಕ್. ಅಥವಾ ತತ್ಸಮಾನ" ಅಂತ ಇದ್ದಾಗ, ತತ್ಸಮಾನ ಹೌದು ಅಂತ ಸಾಬೀತು ಮಾಡುವ ಹೊಣೆ ನಿಮ್ಮ ತಲೆಯ ಮೇಲೆ.

ಕೆನಡಾದ ವಿಷಯ ಬೇಗ ಮುಗಿಸುತ್ತೇನೆ. ಏಜೆನ್ಸಿಯವರು ತೋರಿಸಿದ ಮೂರು ವರ್ಷದ್ದು ಹೆಚ್ಚಿನಂಶ ಕಾಲೇಜುಗಳ ಅಡ್ವಾನ್ಸ್ಡ್ ಡಿಪ್ಲೊಮಾ. ಹೆಸರು ಮೆಕ್ಯಾನಿಕಲ್ ಇಂಜಿನಿಯರಿಂಗ್ ಟೆಕ್ನಾಲಜಿ ಅಂತಲೇ ಇರುತ್ತದೆ. ಆದರೆ ಅದು ಡಿಗ್ರಿ ಅಲ್ಲ. ಕೆನಡಾದಲ್ಲಿ ಇಂಜಿನಿಯರ್ ಅನ್ನುವ ಹೆಸರಿಗೇ ಕಾನೂನಿನ ರಕ್ಷಣೆ ಉಂಟು, ಪಿ.ಇಂಜ್. ಲೈಸೆನ್ಸ್ ಇಲ್ಲದವರು ಸಾಮಾನ್ಯವಾಗಿ ತಮ್ಮನ್ನು ಹಾಗೆ ಕರೆದುಕೊಳ್ಳುವಂತಿಲ್ಲ. ಈ ಕೋರ್ಸು ಮಾಡಿದವರು ಅಲ್ಲಿ ಟೆಕ್ನಾಲಜಿಸ್ಟ್ ಆಗಿ ಒಳ್ಳೆಯ ಕೆಲಸವನ್ನೇ ಮಾಡುತ್ತಾರೆ. ಅಲ್ಲೇ ನೆಲೆಸುವುದು ಖಂಡಿತ ಅಂತಾದರೆ ಬೇರೆ ಮಾತು. ತೋಟ ಅಡವಿಟ್ಟು ಸಾಲ ಮಾಡಿ, ಮೂರು ವರ್ಷ ಕಳೆದು, ವೀಸಾ ನಿಯಮ ಬದಲಾಗಿ ಮಗ ಪೆರ್ಲಕ್ಕೆ ವಾಪಸ್ ಬಂದರೆ, ಅವನ ಕೈಯಲ್ಲಿರುವುದು ಇಲ್ಲಿಯ ಲೆಕ್ಕದಲ್ಲಿ ಡಿಗ್ರಿ ಅಲ್ಲ. ಏಜೆನ್ಸಿಗೆ ಒಂದೇ ಪ್ರಶ್ನೆ ಇಮೇಲಿನಲ್ಲಿ ಕಳಿಸಿ: ಇದು ಬ್ಯಾಚುಲರ್ ಡಿಗ್ರಿಯಾ, ಡಿಪ್ಲೊಮಾನಾ? ಉತ್ತರವೂ ಬರಹದಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ.

ಹಾಗೆಯೇ ಇನ್ನೊಂದು ಮಾತು, ನಿಮ್ಮ ಯಜಮಾನರ ಗೆಳೆಯರು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಗಲ್ಫಿನಲ್ಲಿ ಕೆಲಸ ಮಾಡುತ್ತಾ ಅಂಚೆಯಲ್ಲಿ ಬಿ.ಟೆಕ್. ಮಾಡಬಹುದು ಅನ್ನುವವರು ಈಗಲೂ ಇದ್ದಾರೆ. ಡೀಮ್ಡ್ ಯೂನಿವರ್ಸಿಟಿಗಳು ಒಪ್ಪಿಗೆ ಇಲ್ಲದೆ ಅಂಚೆಯಲ್ಲಿ ಕೊಟ್ಟ ಇಂಜಿನಿಯರಿಂಗ್ ಡಿಗ್ರಿಗಳಿಗೆ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲೇ ಕತ್ತರಿ ಹಾಕಿದೆ. ಆ ಕಡೆ ತಲೆ ಹಾಕುವುದೇ ಬೇಡ.

ಇನ್ನು ಗಣಿತದ ಹೆದರಿಕೆ. ನಿಮ್ಮ ಪತ್ರದಲ್ಲಿ ನಿಜವಾದ ಪ್ರಶ್ನೆ ಇದೇ ಅಂತ ನನಗೆ ಅನಿಸಿತು. ನಾನು ಪಾಲಿಟೆಕ್ನಿಕಿನಲ್ಲೂ ಪಾಠ ಮಾಡಿದವ, ಇಂಜಿನಿಯರಿಂಗ್ ಕಾಲೇಜಿನಲ್ಲೂ ಮಾಡಿದವ. ಮೋಟಾರ್ ಬಿಚ್ಚಿ ಜೋಡಿಸುವ ಹುಡುಗರು ಗಣಿತದಲ್ಲಿ ಸೋಲುವುದನ್ನು ನೋಡಿದ್ದೇನೆ. ಆದರೆ ಬುದ್ಧಿ ಸಾಲದೆ ಸೋತವರು ತುಂಬಾ ಕಮ್ಮಿ. ಮೊದಲ ವರ್ಷದಲ್ಲಿ ಇಂಟಿಗ್ರೇಶನ್ ಕೈಗೆ ಹತ್ತದೆ, ಎರಡನೇ ವರ್ಷ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬಂದಾಗ ಎಲ್ಲ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ. ಕುಂಬಳೆ ಕಡೆಯ ಒಬ್ಬ ಹುಡುಗ ಡಿಪ್ಲೊಮಾ ಮುಗಿಸಿ ನಮ್ಮಲ್ಲಿ ಎರಡನೇ ವರ್ಷಕ್ಕೆ ಸೇರಿದ್ದ. ಲ್ಯಾಬಿನಲ್ಲಿ ಇಂಡಕ್ಷನ್ ಮೋಟಾರಿನ ಸದ್ದು ಕೇಳಿಯೇ ಒಂದು ಫೇಸ್ ಹೋಗಿದೆ ಅನ್ನುತ್ತಿದ್ದ. ಗಣಿತದ ಪೇಪರು ಮಾತ್ರ ಬಾಕಿ ಬಾಕಿ. ಅದೇ ಮೋಟಾರಿನ ಈಕ್ವಿವಲೆಂಟ್ ಸರ್ಕ್ಯೂಟ್ ಬರೆದು, ನೀನು ಕೇಳಿದ ಸದ್ದು ಈ ಸಾಲಿನಲ್ಲಿ ಉಂಟು ನೋಡು ಅಂತ ತೋರಿಸಿದ ಮೇಲೆ ಅವನಿಗೆ ಅದು ಲೆಕ್ಕ ಅನಿಸಲಿಲ್ಲ, ಮೋಟಾರ್ ಅನಿಸಿತು. ನಿಧಾನಕ್ಕೆ ಪಾಸಾದ.

ನಿಮ್ಮ ಮಗನಿಗೆ ಫಿಸಿಕ್ಸ್ ಚೆನ್ನಾಗಿದೆ ಅಂದಿರಿ. ಅದು ಒಳ್ಳೆಯ ಲಕ್ಷಣ. ಪ್ಲಸ್ ಟು ಫಿಸಿಕ್ಸಿನಲ್ಲಿ ಮಾರ್ಕು ತೆಗೆಯುವವನಿಗೆ ಈ ಗಣಿತ ಆಗುವುದಿಲ್ಲ ಅಂತ ನಾನು ಒಪ್ಪುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಪ್ಲಸ್ ಟು ಗಣಿತ ಪುಸ್ತಕದ ಇಂಟಿಗ್ರೇಶನ್ ಮತ್ತು ಡಿಫರೆನ್ಷಿಯಲ್ ಈಕ್ವೇಶನ್ ಪಾಠ ತೆಗೆದು, ದಿನಾ ಒಂದು ಗಂಟೆ, ಒಂದು ತಿಂಗಳು ಕೂರಲಿ. ಕಷ್ಟ ಆದರೂ ಕೂರುತ್ತಾನಾದರೆ ಬಿ.ಟೆಕ್.ಗೆ ಧೈರ್ಯವಾಗಿ ಕಳಿಸಿ. ಪುಸ್ತಕ ನೋಡಿದರೇ ಅಂಗಡಿಗೆ ಓಡುತ್ತಾನಾದರೆ ಬೇರೆ ದಾರಿ ಉಂಟು. ಅದು ಅಮೆರಿಕಕ್ಕೆ ಹೋಗುವ ದಾರಿ ಅಲ್ಲ.

ಪ್ಲಸ್ ಟು ಸಯನ್ಸ್ ಆದವರಿಗೆ ಪಾಲಿಟೆಕ್ನಿಕಿನಲ್ಲಿ ನೇರ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಸಿಗುತ್ತದೆ. ಪೆರಿಯದ ಸರಕಾರಿ ಪಾಲಿಟೆಕ್ನಿಕ್, ತೃಕ್ಕರಿಪುರದ ಪಾಲಿಟೆಕ್ನಿಕ್ ನಮ್ಮ ಜಿಲ್ಲೆಯಲ್ಲೇ ಉಂಟು. ಎರಡು ವರ್ಷದಲ್ಲಿ ಡಿಪ್ಲೊಮಾ. ಆಮೇಲೆ ಕೇರಳದ ಲ್ಯಾಟರಲ್ ಎಂಟ್ರಿ ಪರೀಕ್ಷೆ ಎಲ್‌ಇಟಿ ಬರೆದು ಬಿ.ಟೆಕ್. ಎರಡನೇ ವರ್ಷಕ್ಕೆ. ಒಟ್ಟು ಐದು ವರ್ಷ. ನೇರ ಬಿ.ಟೆಕ್.ಗಿಂತ ಒಂದೇ ವರ್ಷ ಜಾಸ್ತಿ. ಕೈಗೆ ಎರಡು ಸರ್ಟಿಫಿಕೇಟು, ಸಬ್ ಇಂಜಿನಿಯರ್ ಪರೀಕ್ಷೆಗೂ ಅರ್ಹತೆ, ವರ್ಕ್‌ಶಾಪಿನ ಪಳಗಿದ ಕೈ. ನಿಮ್ಮ ತಮ್ಮ ಹೇಳುವ ಟೆಕ್ನಾಲಜಿ ಡಿಗ್ರಿಯ ಒಳ್ಳೆಯ ಅಂಶವೆಲ್ಲ ಈ ದಾರಿಯಲ್ಲಿ ಸಿಗುತ್ತದೆ, ಕೊನೆಗೆ ಕೈಗೆ ಬರುವ ಕಾಗದ ಬಿ.ಟೆಕ್. ಇದರಲ್ಲಿ ಒಂದು ಗುಂಡಿ ಉಂಟು: ಬಿ.ಟೆಕ್. ಮೊದಲ ವರ್ಷದ ಗಣಿತ ಇವರಿಗೆ ತಪ್ಪಿಹೋಗುತ್ತದೆ. ವಿಟಿಯು ಹೀಗೆ ಬಂದವರಿಗೆ ಹೆಚ್ಚುವರಿ ಗಣಿತದ ಕೋರ್ಸ್ ಇಟ್ಟದ್ದು ಇದಕ್ಕೇ. ಡಿಪ್ಲೊಮಾ ಮುಗಿದ ರಜೆಯಲ್ಲೇ ಅದನ್ನು ಕಲಿತುಕೊಳ್ಳಬೇಕು.

ಆದರೂ ನನ್ನ ಮೊದಲ ಆಯ್ಕೆ ನೇರ ಬಿ.ಟೆಕ್.ಯೇ. ಕೈಕೆಲಸ ಎಲ್ಲಿಗೂ ಓಡಿ ಹೋಗುವುದಿಲ್ಲ. ವೈಂಡಿಂಗ್ ಅಂಗಡಿ ಇನ್ನೂ ಅಲ್ಲೇ ಇರುತ್ತದಲ್ಲ. ಹದಿನೆಂಟರಲ್ಲಿ ಬಿಟ್ಟ ಗಣಿತವನ್ನು ಇಪ್ಪತ್ತೆಂಟರಲ್ಲಿ ಹಿಡಿಯುವುದು ಕಷ್ಟ, ಇದು ನಾನು ಎಷ್ಟೋ ಜನರಲ್ಲಿ ಕಂಡದ್ದು. ಟೆಕ್ನಾಲಜಿ ಡಿಗ್ರಿ ಮಾಡಿ ನಂತರ ಇಂಜಿನಿಯರಿಂಗಿನಲ್ಲಿ ಎಂ.ಎಸ್. ಮಾಡಲು ಹೊರಟವರಿಗೆ ಅಮೆರಿಕದ ಯೂನಿವರ್ಸಿಟಿಗಳೂ ಸಾಮಾನ್ಯವಾಗಿ ಬಿಟ್ಟುಹೋದ ಗಣಿತ ಮತ್ತು ಥಿಯರಿ ಕೋರ್ಸುಗಳನ್ನು ಮೊದಲು ಮುಗಿಸಿ ಬನ್ನಿ ಅನ್ನುತ್ತವೆ. ಇಂಜಿನಿಯರಿಂಗ್ ಕಡೆಯಿಂದ ಟೆಕ್ನಾಲಜಿ ಕೆಲಸಕ್ಕೆ ಬರುವವರನ್ನು ಯಾರೂ ತಡೆಯುವುದಿಲ್ಲ. ಆ ಕಡೆಯಿಂದ ಈ ಕಡೆಗೆ ಬರುವುದೇ ಏರುದಾರಿ.

ಯಾರಿಗೆ ಟೆಕ್ನಾಲಜಿ ಡಿಗ್ರಿ ಸರಿ ಅಂತ ಕೇಳಿದರೆ ನಿಮ್ಮ ತಮ್ಮನ ಮಕ್ಕಳನ್ನೇ ತೋರಿಸುತ್ತೇನೆ. ಅಲ್ಲೇ ಹುಟ್ಟಿ, ಅಲ್ಲೇ ಇರುವವರು. ಫ್ಯಾಕ್ಟರಿಯಲ್ಲಿ ಉತ್ಪಾದನೆ, ಟೆಸ್ಟಿಂಗ್, ಕ್ವಾಲಿಟಿ, ಆಟೊಮೇಶನ್ ಕೆಲಸ ಇಷ್ಟ ಇರುವವರು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಕಮ್ಮಿ ಖರ್ಚಿನಲ್ಲಿ ಓದಿ, ಮತ್ತೆ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಮುಗಿಸುವ ಸೌಕರ್ಯ ಅವರಿಗೆ ಉಂಟು. ಅವರ ಸುತ್ತಲಿನ ಕಂಪೆನಿಗಳಿಗೆ ಆ ಡಿಗ್ರಿ ಏನು ಅಂತ ಗೊತ್ತು. ಅವರಿಗೆ ಅದು ಒಳ್ಳೆಯ ಡಿಗ್ರಿ, ನಾನೂ ಅದನ್ನೇ ಹೇಳುತ್ತಿದ್ದೆ.

ಪೊವ್ವಲಾ, ಪುತ್ತೂರಾ? ಎರಡೂ ನಡೆಯುತ್ತದೆ. ಕೀಮ್ ರ್‍ಯಾಂಕಿನಲ್ಲಿ ಪೊವ್ವಲಿನ ಸರಕಾರಿ ಹಿಡಿತದ ಕಾಲೇಜಿನಲ್ಲಿ ಮೆರಿಟ್ ಸೀಟು ಸಿಕ್ಕಿದರೆ ಖರ್ಚಿನ ದೃಷ್ಟಿಯಿಂದ ನೋಡಬೇಕಾದದ್ದೇ. ಕನ್ನಡ ಮೀಡಿಯಂ ಮಕ್ಕಳಿಗೆ ಅಲ್ಲಿ ಒಂದು ಸಣ್ಣ ತಾಪತ್ರಯ: ಪುಸ್ತಕ, ಪರೀಕ್ಷೆ ಇಂಗ್ಲಿಷು, ಆದರೆ ಅರ್ಥ ಆಗಲಿಲ್ಲ ಅಂತ ಕೈ ಎತ್ತಿದರೆ ವಿವರಣೆ ಮಲಯಾಳದಲ್ಲಿ ಬರುತ್ತದೆ. ನಿಮ್ಮ ಮಗನಿಗೆ ಮಲಯಾಳ ಕಿವಿಗೆ ಬಿದ್ದು ಅಭ್ಯಾಸ ಇದ್ದರೆ ಸಮಸ್ಯೆಯೇ ಅಲ್ಲ. ಪುತ್ತೂರು, ಮಂಗಳೂರಿನಲ್ಲಿ ಅದೇ ವಿವರಣೆ ಕನ್ನಡದಲ್ಲೋ ತುಳುವಿನಲ್ಲೋ ಬರುತ್ತದೆ. ಸಿಇಟಿ ಬರೆದಿದ್ದಾನೆ ಅಂದಿರಿ. ಗಡಿನಾಡು ಕನ್ನಡಿಗರ ವಿಭಾಗದಲ್ಲಿ ಅರ್ಜಿ ಹಾಕಿದ್ದಾನೆ ಅಂದುಕೊಳ್ಳುತ್ತೇನೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನವರಿಗೆ ಆ ಅವಕಾಶ ಉಂಟು, ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನಡೆಸುವ ಕನ್ನಡ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಅದು ಪಾಸಾದರೆ ಸಾಕು, ರ್‍ಯಾಂಕಿಗೆ ಸೇರುವುದಿಲ್ಲ. ದಾಖಲೆ ಪರಿಶೀಲನೆಗೆ ತಹಶೀಲ್ದಾರರ ಸರ್ಟಿಫಿಕೇಟು ಕೆಇಎ ಹೇಳಿದ ನಮೂನೆಯಲ್ಲೇ ಇರಲಿ. ನಮ್ಮ ವಿಲೇಜ್ ಆಫೀಸಿನ ಮಾಮೂಲಿ ನಮೂನೆ ತೆಗೆದುಕೊಂಡು ಹೋಗಿ ವಾಪಸ್ ಬಂದವರು ಉಂಟು. ಒಂದು ತಮಾಷೆ ನೋಡಿ: ಸುರತ್ಕಲ್ಲಿನ ಎನ್‌ಐಟಿ ನಮಗೆ ಕಲ್ಲಿಕೋಟೆಗಿಂತ ಎಷ್ಟೋ ಹತ್ತಿರ. ಆದರೆ ಪ್ಲಸ್ ಟು ಕೇರಳದಲ್ಲಿ ಬರೆದವರಿಗೆ ಜೆಇಇಯಲ್ಲಿ ಸ್ವಂತ ರಾಜ್ಯದ ಕೋಟಾ ಸಿಗುವುದು ಕಲ್ಲಿಕೋಟೆಯಲ್ಲಿ.

ಮೆಕ್ಯಾನಿಕಲ್ಲಾ, ಇಲೆಕ್ಟ್ರಿಕಲ್ಲಾ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ವೈಂಡಿಂಗ್ ಅಂಗಡಿಯಲ್ಲಿ ದಿನ ಕಳೆಯುವ ಹುಡುಗನಿಗೆ ಇಲೆಕ್ಟ್ರಿಕಲ್. ಕಂಪ್ಯೂಟರ್ ಸಯನ್ಸ್ ಸಿಕ್ಕಿದರೆ ಬಿಡಬೇಡಿ ಅನ್ನುವವರು ಮನೆ ಬಾಗಿಲಿಗೇ ಬರುತ್ತಾರೆ. ಅವನು ಕೇಳಿದನಾ ಅಂತ ಅವನನ್ನೇ ಕೇಳಿ.

ಲ್ಯಾಪ್‌ಟಾಪ್ ಈಗ ಬೇಡ. ಬ್ರಾಂಚು, ಕಾಲೇಜು ಖಚಿತ ಆಗಲಿ, ಒಂದು ಸೆಮಿಸ್ಟರ್ ಮುಗಿಯಲಿ. ಮೊದಲ ವರ್ಷಕ್ಕೆ ಕಾಲೇಜಿನ ಲ್ಯಾಬು ಸಾಕಾಗುತ್ತದೆ. ಮುಂದೆ ಕ್ಯಾಡ್, ಸಿಮ್ಯುಲೇಶನ್ ಬಂದಾಗ ಯಾವ ಮೆಮೊರಿ, ಯಾವ ಗ್ರಾಫಿಕ್ಸ್ ಬೇಕು ಅಂತ ಸೀನಿಯರುಗಳೇ ಹೇಳುತ್ತಾರೆ. ಈಗ ಒಂದು ಒಳ್ಳೆಯ ಸಯಂಟಿಫಿಕ್ ಕ್ಯಾಲ್ಕುಲೇಟರ್ ಕೊಡಿಸಿ, ಪರೀಕ್ಷೆಯಲ್ಲಿ ಒಪ್ಪುವ ಮಾಡೆಲ್ ಯಾವುದು ಅಂತ ಕೇಳಿಕೊಂಡು. ಜೊತೆಗೆ ಒಂದು ಮಲ್ಟಿಮೀಟರ್. ಅದು ಅವನ ಹತ್ತಿರ ಈಗಾಗಲೇ ಇರಬಹುದು.